ಓದುಗರ ಪ್ರಶ್ನೆ, ನಮ್ಮ ಉತ್ತರ: ಬಿಲ್ಲು ನಿಲ್ಲದಂಥ ಕಂಪ್ಯೂಟರ್ ಯಾವುದು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಸ್ವರೂಪವೇ ಬದಲಾಗಿದೆ. ಮೊದಲು ಮೊಬೈಲ್ ಫೋನಿನ ಬಗ್ಗೆ ಕೇಳುತ್ತಿದ್ದವರು ಈಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಧೂಳು ಹಿಡಿದು ಕುಳಿತಿರುವ ಹಳೆಯ ಕಂಪ್ಯೂಟರಿನ ಬಗ್ಗೆ ಕೇಳುತ್ತಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಬೆಂಗಳೂರಿನ ಸಣ್ಣ ವ್ಯಾಪಾರಸ್ಥರ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಅಗತ್ಯವಿದ್ದಷ್ಟು ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ರಾಜಾಜಿನಗರದಲ್ಲಿ ನಮ್ಮದು ಕೊಳಾಯಿ ಮತ್ತು ವಿದ್ಯುತ್ ಸಾಮಾನುಗಳ ಅಂಗಡಿ. ದಿನಕ್ಕೆ ಅರವತ್ತು ಎಪ್ಪತ್ತು ಬಿಲ್ಲುಗಳಾಗುತ್ತವೆ. ಲೆಕ್ಕ, ದಾಸ್ತಾನು ಎಲ್ಲವೂ ಟ್ಯಾಲಿ ತಂತ್ರಾಂಶದಲ್ಲಿದೆ. ಒಂಬತ್ತು ವರ್ಷದ ಹಳೆಯ ಕಂಪ್ಯೂಟರನ್ನು ಬದಲಾಯಿಸಬೇಕಾಗಿದೆ. ಎಸ್.ಪಿ. ರಸ್ತೆಯ ಅಂಗಡಿಯವರೊಬ್ಬರು ಚೀಟಿಯಲ್ಲಿ ಹೀಗೆ ಬರೆದುಕೊಟ್ಟಿದ್ದಾರೆ: ‘ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್, ಮಾನಿಟರ್, ವಿಂಡೋಸ್ ಹಾಕಿಕೊಡಲಾಗುವುದು. ಒಟ್ಟು ರೂ. 40,000. ಬಿಲ್ ಬೇಕಾದರೆ ಜಿಎಸ್‌ಟಿ ಬೇರೆ.’ ಇದನ್ನು ಕೊಳ್ಳಬಹುದೇ, ಅಥವಾ ಬ್ರ್ಯಾಂಡೆಡ್ ಕಂಪ್ಯೂಟರನ್ನೇ ಕೊಳ್ಳಬೇಕೇ?

ಉತ್ತರ: ನಿಮ್ಮ ಚೀಟಿಯಲ್ಲಿ ಬರೆದಿರುವ ಬಾಬತ್ತುಗಳು ಆರು; ಬರೆಯದೆ ಬಿಟ್ಟಿರುವುದು ಅದಕ್ಕಿಂತ ಹೆಚ್ಚು. ಅಂಗಡಿಯವರು ಮೋಸ ಮಾಡಲೆಂದೇ ಹಾಗೆ ಬರೆದಿದ್ದಾರೆಂದು ನಾನು ಹೇಳುವುದಿಲ್ಲ. ಬಂದ ಗಿರಾಕಿಗಳು ‘ಐ3 ಬೇಡ, ಐ5 ಕೊಡಿ’ ಎಂದಷ್ಟೇ ಹೇಳಿ ಬೆಲೆ ಚೌಕಾಸಿಗೆ ಇಳಿಯುವುದರಿಂದ ಅವರ ಚೀಟಿಯೂ ಅಷ್ಟಕ್ಕೇ ನಿಂತಿದೆ. ಅದನ್ನು ಒಂದೊಂದೇ ಸಾಲಾಗಿ ನೋಡೋಣ.

ಐ5 ಎಂಬುದು ಒಂದು ಪ್ರೊಸೆಸರಿನ ಹೆಸರಲ್ಲ. ಇಂಟೆಲ್ ಕಂಪನಿಯು 2009ರಿಂದ ಮಾರುತ್ತ ಬಂದಿರುವ ಒಂದು ಇಡೀ ವಂಶದ ಹೆಸರು. ಅದರ ಮುಂದಿನ ಅಂಕೆಗಳನ್ನು ಬರೆಸಿಕೊಳ್ಳದಿದ್ದರೆ ನಿಮಗೆ ಅಜ್ಜ ಸಿಕ್ಕನೋ ಮೊಮ್ಮಗ ಸಿಕ್ಕನೋ ತಿಳಿಯುವುದಿಲ್ಲ. ಐ5-4570 ಎಂದರೆ 2013ರ ನಾಲ್ಕನೆಯ ತಲೆಮಾರು, ಐ5-12400 ಎಂದರೆ 2022ರ ಹನ್ನೆರಡನೆಯ ತಲೆಮಾರು. ಎರಡನ್ನೂ ಬಾಯಲ್ಲಿ ‘ಐ5’ ಎಂದೇ ಕರೆಯುತ್ತಾರೆ. ನಿಜ ಹೇಳಬೇಕೆಂದರೆ ದಿನಕ್ಕೆ ಎಪ್ಪತ್ತು ಬಿಲ್ಲು, ಜಿಎಸ್‌ಟಿ ಜಾಲತಾಣ, ಬ್ಯಾಂಕಿನ ವ್ಯವಹಾರ ಮತ್ತು ವಾಟ್ಸ್ಆ್ಯಪ್ ಇಷ್ಟಕ್ಕೆ ನಿಮಗೆ ಐ5 ಬೇಕಾಗಿಯೇ ಇಲ್ಲ. ನಾಲ್ಕು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಐ3-12100 ಅಥವಾ ಆರು ಕೋರ್‌ಗಳ ಎಎಂಡಿ ರೈಜನ್ 5 5600ಜಿ ಧಾರಾಳವಾಗಿ ಸಾಕು. ಇಲ್ಲಿ ಒಂದು ಅಕ್ಷರದ ಕಡೆಗೆ ಗಮನವಿರಲಿ: ಇಂಟೆಲ್ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಇದ್ದರೆ, ಅಂದರೆ 12100ಎಫ್ ಆಗಿದ್ದರೆ, ಅದರಲ್ಲಿ ಚಿತ್ರ ತೋರಿಸುವ ಭಾಗವೇ ಇರುವುದಿಲ್ಲ. ಬೆಲೆ ತುಸು ಕಡಿಮೆಯೆಂದು ಅದನ್ನು ತಂದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳದೆ ಪರದೆಯ ಮೇಲೆ ಏನೂ ಮೂಡುವುದಿಲ್ಲ.

ಐ5ರಿಂದ ಐ3ಕ್ಕೆ ಇಳಿದು ಉಳಿಸಿದ ಹಣವನ್ನು ಹಾರ್ಡ್ ಡಿಸ್ಕಿನ ಸಾಲಿಗೆ ತನ್ನಿ. ನಿಮ್ಮ ಚೀಟಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದ ಸಾಲು ಅದು. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ ಒಂದು ಸಣ್ಣ ತೋಳು ಅತ್ತಿತ್ತ ಚಲಿಸಿ ಬೇಕಾದ ಮಾಹಿತಿಯನ್ನು ಹುಡುಕುತ್ತದೆ, ಪ್ರತಿ ಹುಡುಕಾಟಕ್ಕೂ ಸುಮಾರು ಸೆಕೆಂಡಿನ ನೂರರಲ್ಲೊಂದು ಭಾಗ ತೆಗೆದುಕೊಳ್ಳುತ್ತದೆ. ಇದು ಕೇಳಲು ಅಲ್ಪವೆನಿಸಿದರೂ ವಿಂಡೋಸ್ ಆರಂಭವಾಗುವಾಗ ಇಂಥ ಹುಡುಕಾಟಗಳು ಸಾವಿರಗಟ್ಟಲೆ ನಡೆಯುವುದರಿಂದ ನೀವು ಬೆಳಿಗ್ಗೆ ಸ್ವಿಚ್ ಒತ್ತಿ, ದೇವರಿಗೆ ಊದುಬತ್ತಿ ಹಚ್ಚಿ, ಕಾಫಿ ಕುಡಿದು ಬಂದರೂ ಚಕ್ರ ತಿರುಗುತ್ತಲೇ ಇರುತ್ತದೆ. ಅದರ ಬದಲು ಮಾಹಿತಿಯನ್ನು ಚಿಪ್ಪುಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಹಳೆಯ ಐ3ಕ್ಕೆ ಎಸ್‌ಎಸ್‌ಡಿ ಹಾಕಿದರೆ ಅದು ದಿನನಿತ್ಯದ ಕೆಲಸದಲ್ಲಿ ಹಾರ್ಡ್ ಡಿಸ್ಕ್ ಇರುವ ಹೊಸ ಐ5ಗಿಂತ ಚುರುಕಾಗಿ ಕಾಣುತ್ತದೆ. ಟ್ಯಾಲಿಯ ದತ್ತಾಂಶ ಸಣ್ಣ ಅಂಗಡಿಯಲ್ಲಿ ಹಲವು ವರ್ಷ ಕಳೆದರೂ ಕೆಲವೇ ಜಿಬಿಗಳನ್ನು ದಾಟುವುದು ಅಪರೂಪ. ಆದ್ದರಿಂದ ನಿಮಗೆ 1 ಟಿಬಿ ಬೇಡ, 512 ಜಿಬಿಯ ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ಸಾಕು, 256 ಜಿಬಿಯಾದರೂ ನಡೆಯುತ್ತದೆ.

ರ‍್ಯಾಮ್ (ಕೆಲಸ ನಡೆಯುವಾಗ ಮಾಹಿತಿ ಹಿಡಿದಿಡುವ ಮೆಮೊರಿ) ವಿಷಯದಲ್ಲಿ ಎರಡು ವರ್ಷದ ಹಿಂದೆ ಕೇಳಿದ್ದರೆ ‘ಕಣ್ಣು ಮುಚ್ಚಿಕೊಂಡು 16 ಜಿಬಿ ಹಾಕಿಸಿ’ ಎನ್ನುತ್ತಿದ್ದೆ. ಆದರೆ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ರಾಶಿಗಟ್ಟಲೆ ಕೊಳ್ಳತೊಡಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಎಲ್ಲೆಡೆ ವಿಪರೀತವಾಗಿ ಏರಿತು. ಸದ್ಯಕ್ಕೆ 8 ಜಿಬಿಯ ಒಂದೇ ಕಡ್ಡಿಯನ್ನು ಹಾಕಿಸಿ, ಭಾಗಗಳೆಲ್ಲ ಕೂರುವ ಮುಖ್ಯ ಫಲಕವಾದ ಮದರ್‌ಬೋರ್ಡಿನಲ್ಲಿ ಇನ್ನೊಂದು ಕಡ್ಡಿಗೆ ಜಾಗ ಖಾಲಿ ಇದೆಯೆಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಎರಡು 4 ಜಿಬಿ ಕಡ್ಡಿ ಹಾಕಿಕೊಟ್ಟರೆ ಮುಂದೆ ಹೆಚ್ಚಿಸುವಾಗ ಎರಡನ್ನೂ ಕಿತ್ತೆಸೆಯಬೇಕಾಗುತ್ತದೆ.

ಈಗ ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’ ಎಂಬ ಸಾಲು. ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿನ ಒಳಭಾಗಗಳಿಗೆ ಬೇಕಾದ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿಕೊಡುವ ಪೆಟ್ಟಿಗೆಯೇ ಎಸ್‌ಎಂಪಿಎಸ್. ಕ್ಯಾಬಿನೆಟ್ಟಿನ ಜೊತೆ ಉಚಿತವೆಂಬಂತೆ ಬರುವ ಹೆಸರಿಲ್ಲದ ಎಸ್‌ಎಂಪಿಎಸ್‌ಗಳ ಮೇಲೆ 450 ವಾಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಕೈಯಲ್ಲಿ ಹಿಡಿದರೆ ಮಾತ್ರ ಖಾಲಿ ಡಬ್ಬಿಯಷ್ಟು ಹಗುರ. ನನ್ನ ಭಾವನವರ ಸ್ಟೇಷನರಿ ಅಂಗಡಿಯಲ್ಲಿ ಅಂಥದ್ದೊಂದು ಸುಟ್ಟುಹೋದದ್ದು ಸರಿಯಾಗಿ ತಿಂಗಳ 20ನೆಯ ತಾರೀಕು, ಜಿಎಸ್‌ಟಿಆರ್-3ಬಿ ಎಂಬ ತಿಂಗಳ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನ. ಸುಡುವಾಗ ಅದು ಒಂಟಿಯಾಗಿ ಹೋಗಲಿಲ್ಲ. ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ವಿಳಂಬ ಶುಲ್ಕ ದಿನಕ್ಕೆ 50 ರೂಪಾಯಿಯಷ್ಟೇ ಆದರೂ ಮೂರು ದಿನ ಕೈಬರಹದ ಬಿಲ್ಲು ಕೊಟ್ಟು, ಆಮೇಲೆ ಅವನ್ನೆಲ್ಲ ಒಂದೊಂದಾಗಿ ಟ್ಯಾಲಿಗೆ ಏರಿಸಲು ಅವರು ರಾತ್ರಿ ಹನ್ನೊಂದರವರೆಗೆ ಕುಳಿತದ್ದನ್ನು ನಾನೇ ನೋಡಿದ್ದೇನೆ. ಆ ಎಸ್‌ಎಂಪಿಎಸ್‌ನಲ್ಲಿ ಅವರು ಉಳಿಸಿದ್ದು ಸುಮಾರು ಸಾವಿರದೈನೂರು ರೂಪಾಯಿ. ನೀವು ಕ್ಯಾಬಿನೆಟ್ಟನ್ನೂ ಎಸ್‌ಎಂಪಿಎಸ್ಸನ್ನೂ ಬೇರೆ ಬೇರೆಯಾಗಿ ಕೊಳ್ಳಿ. ಹೆಸರಿರುವ ಕಂಪನಿಯದ್ದು, ಮೈಮೇಲೆ ಐಎಸ್ 13252 ಎಂಬ ಭಾರತೀಯ ಮಾನಕದ ಗುರುತು ಇರುವಂಥದ್ದು, ಸಾಧ್ಯವಾದರೆ ವಿದ್ಯುತ್ ಪೋಲು ಕಡಿಮೆಯೆಂದು ಸೂಚಿಸುವ 80 ಪ್ಲಸ್ ಬ್ರಾಂಜ್ ದರ್ಜೆಯದ್ದು ಆಗಿರಲಿ.

‘ವಿಂಡೋಸ್ ಹಾಕಿಕೊಡಲಾಗುವುದು’ ಎಂದರೆ ಪರವಾನಗಿ ಇಲ್ಲದ ಪ್ರತಿಯೆಂದೇ ತಿಳಿಯಿರಿ. ನೀತಿಯ ಮಾತು ಹಾಗಿರಲಿ, ಆ ಪ್ರತಿಯನ್ನು ಅಸಲಿಯೆಂದು ನಂಬಿಸಲು ಓಡಿಸುವ ಸಣ್ಣ ತಂತ್ರಾಂಶವು ಎಲ್ಲಿಂದ ಬಂದದ್ದು, ಹಿಂದೆ ಏನು ಬಿಟ್ಟುಹೋಗುತ್ತದೆ ಎಂಬುದು ಅದನ್ನು ಹಾಕುವ ಹುಡುಗನಿಗೂ ತಿಳಿದಿರುವುದಿಲ್ಲ. ಅದೇ ಯಂತ್ರದಲ್ಲಿ ನೀವು ಬ್ಯಾಂಕಿನ ಗುಪ್ತಪದ ಒತ್ತುತ್ತೀರಿ, ಡಿಜಿಟಲ್ ಸಹಿಯ ಟೋಕನ್ ಚುಚ್ಚುತ್ತೀರಿ. ಬಿಲ್ಲಿನಲ್ಲಿ ವಿಂಡೋಸ್ 11ರ ಪರವಾನಗಿ ಒಂದು ಬಾಬತ್ತಾಗಿ ಬರಬೇಕು. ಹೋಮ್ ಆವೃತ್ತಿ ನಿಮಗೆ ಸಾಕು. ಮನೆಯಿಂದಲೇ ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸ ಮಾಡಬೇಕೆಂದಿದ್ದರೆ ಮಾತ್ರ ಪ್ರೊ ಬೇಕು.

ಇನ್ನು ಬಿಲ್ಲಿನ ಪ್ರಶ್ನೆ. ‘ಬಿಲ್ ಬೇಕಾದರೆ ಜಿಎಸ್‌ಟಿ ಬೇರೆ’ ಎಂಬ ಸಾಲನ್ನು ಓದಿ 7,200 ರೂಪಾಯಿ ಉಳಿಯಿತೆಂದು ಸಂತೋಷಪಡುವವರು ಬಹಳ ಮಂದಿ. ಕಂಪ್ಯೂಟರಿನ ಮೇಲೆ ತೆರಿಗೆ 18%, ಆದ್ದರಿಂದ 40,000ಕ್ಕೆ 7,200 ಸೇರಿ 47,200 ಆಗುತ್ತದೆ. ನೀವು ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾಗಿದ್ದರೆ, ನಿಮ್ಮ ಜಿಎಸ್‌ಟಿ ಸಂಖ್ಯೆ ಇರುವ ಬಿಲ್ಲು ಪಡೆದಾಗ ಆ 7,200 ಹೂಡುವಳಿ ತೆರಿಗೆ ಜಮೆಯಾಗಿ ನಿಮ್ಮ ಖಾತೆಗೆ ಬರುತ್ತದೆ, ಕೈಯಿಂದ ಹೋಗುವುದು 40,000ವೇ. ಬಿಲ್ಲಿಲ್ಲದೆ ಕೊಂಡರೂ ಹೋಗುವುದು ಅಷ್ಟೇ. ಆದರೆ ಆಗ ವಾರಂಟಿಗೆ ಆಧಾರವಿಲ್ಲ, ಲೆಕ್ಕದಲ್ಲಿ ಆಸ್ತಿಯಾಗಿ ತೋರಿಸಿ 40% ಸವಕಳಿ ಪಡೆಯಲೂ ಬರುವುದಿಲ್ಲ. ವಹಿವಾಟಿನ ಮೇಲೆ ನಿಗದಿತ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ತೆರಿಗೆ ಜಮೆ ಸಿಗುವುದಿಲ್ಲ, ಆದರೂ ಅವರೂ ಬಿಲ್ಲು ಬಿಡಬಾರದು. ಪ್ರಾಸಂಗಿಕವಾಗಿ ಹೇಳುವುದಾದರೆ, ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಯಂತ್ರಕ್ಕೆ ಆ ವರ್ಷ ಸವಕಳಿ ಅರ್ಧ ಮಾತ್ರ ಸಿಗುವುದರಿಂದ, ಸೆಪ್ಟೆಂಬರಿನಲ್ಲಿ ಕೊಳ್ಳಬಹುದಾದದ್ದನ್ನು ದೀಪಾವಳಿಗೆ ಮುಂದೂಡಬೇಡಿ. ತೆರಿಗೆ ಜಮೆ ಪಡೆದ ಮೊತ್ತಕ್ಕೆ ಸವಕಳಿ ಇಲ್ಲವೆಂಬುದನ್ನು ನಿಮ್ಮ ಆಡಿಟರು ಹೇಗೂ ಹೇಳುತ್ತಾರೆ.

ಬ್ರ್ಯಾಂಡೆಡ್ಡೋ, ಜೋಡಿಸಿದ್ದೋ ಎಂಬುದಕ್ಕೆ ನನ್ನ ಉತ್ತರ ನಿಮ್ಮ ಅಂಗಡಿಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ. ಸ್ಕ್ರೂಡ್ರೈವರ್ ಹಿಡಿದು ರ‍್ಯಾಮ್ ಬಿಚ್ಚಿ ಹಾಕಬಲ್ಲವರು ಮನೆಯಲ್ಲಿದ್ದರೆ ಜೋಡಿಸಿದ ಯಂತ್ರವೇ ಒಳ್ಳೆಯದು, ಏಕೆಂದರೆ ಅದರ ಪ್ರತಿಯೊಂದು ಭಾಗವೂ ಸಾಮಾನ್ಯ ಅಳತೆಯದಾಗಿದ್ದು ಸಂಜೆಯೊಳಗೆ ಎಸ್.ಪಿ. ರಸ್ತೆಯಿಂದ ತಂದು ಬದಲಾಯಿಸಬಹುದು. ಆದರೆ ಅಲ್ಲಿ ವಾರಂಟಿ ಒಟ್ಟಾಗಿ ಇರುವುದಿಲ್ಲ, ಒಂದೊಂದು ಭಾಗಕ್ಕೆ ಒಂದೊಂದು ಕಂಪನಿ, ಒಂದೊಂದು ಅವಧಿ. ಆದ್ದರಿಂದ ಪ್ರತಿ ಭಾಗದ ಸರಣಿ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಅಂಥವರು ಯಾರೂ ಇಲ್ಲದಿದ್ದರೆ, ನಿಮ್ಮ ಪತ್ರದ ಧಾಟಿ ನೋಡಿದರೆ ಇಲ್ಲವೆಂದೇ ತೋರುತ್ತದೆ, ಕಚೇರಿ ಬಳಕೆಗೆಂದೇ ಮಾಡಿದ ಬ್ರ್ಯಾಂಡೆಡ್ ಯಂತ್ರವನ್ನು ಮೂರು ವರ್ಷದ ಆನ್‌ಸೈಟ್ ವಾರಂಟಿಯೊಂದಿಗೆ ಕೊಳ್ಳಿ. ಆನ್‌ಸೈಟ್ ಎಂಬ ಪದವನ್ನು ಬಿಡಬೇಡಿ: ಕ್ಯಾರಿ-ಇನ್ ಎಂದಿದ್ದರೆ ಕೆಟ್ಟ ಯಂತ್ರವನ್ನು ಆಟೋದಲ್ಲಿಟ್ಟುಕೊಂಡು ಸೇವಾ ಕೇಂದ್ರಕ್ಕೆ ಹೋಗಿ ಟೋಕನ್ ಹಿಡಿದು ಕುಳಿತುಕೊಳ್ಳುವವರು ನೀವೇ. ಬ್ರ್ಯಾಂಡೆಡ್ ಬೆಲೆಪಟ್ಟಿಯಲ್ಲಿ ‘ಡಾಸ್’ ಅಥವಾ ‘ಉಬುಂಟು’ ಎಂದು ಕಂಡರೆ ಅದರಲ್ಲಿ ವಿಂಡೋಸ್ ಸೇರಿಲ್ಲವೆಂದು ಅರ್ಥ. ಪರದೆಯ ಹಿಂದೆಯೇ ಎಲ್ಲವೂ ಅಡಗಿರುವ ಆಲ್-ಇನ್-ಒನ್ ಮಾದರಿ ನೋಡಲು ಅಂದ. ಪರದೆ ಕೆಟ್ಟ ದಿನ ಬಿಲ್ಲಿಂಗ್ ಪೂರ್ತಿ ನಿಲ್ಲುವುದರಿಂದ ಅಂಗಡಿಗೆ ನಾನು ಅದನ್ನು ಹೇಳುವುದಿಲ್ಲ.

ನಿಮ್ಮ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅಗಲವಾದ 25 ಪಿನ್ನಿನ ಕೇಬಲ್ಲಿನದಾಗಿದ್ದರೆ ಹೊಸ ಯಂತ್ರದಲ್ಲಿ ಅದಕ್ಕೆ ಕಿಂಡಿ ಇರುವುದಿಲ್ಲ. ಪ್ರಿಂಟರ್ ಎಸೆಯಬೇಡಿ, ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಾಯಿಸುವ ಕೇಬಲ್ ಸಿಗುತ್ತದೆ, ಹಣ ಕೊಡುವ ಮೊದಲು ನಿಮ್ಮ ಪ್ರಿಂಟರಿಗೇ ಜೋಡಿಸಿ ಒಂದು ಬಿಲ್ಲು ಮುದ್ರಿಸಿ ನೋಡುವ ಷರತ್ತು ಹಾಕಿ.

ಪ್ರಶ್ನೆ: ವಿಜಯನಗರದಲ್ಲಿ ನಾನು ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಬರೆದುಕೊಡುವ ಕಚೇರಿ ನಡೆಸುತ್ತೇನೆ. ಇಬ್ಬರು ಹುಡುಗಿಯರು ಕೆಲಸಕ್ಕಿದ್ದಾರೆ, ಮೂರು ಕಂಪ್ಯೂಟರ್ ಬೇಕು. ಹೊಸದು ಕೊಳ್ಳುವ ಶಕ್ತಿಯಿಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಂದು ಕಡೆ ‘ಐ7’ ಇನ್ನೊಂದು ಕಡೆ ‘ಐ5 ಎಂಟನೇ ಜನರೇಷನ್’ ತೋರಿಸಿದರು. ವಿಚಿತ್ರವೆಂದರೆ ಐ7 ಬೆಲೆಯೇ ಕಡಿಮೆ. ಅದನ್ನೇ ಕೊಳ್ಳಲೇ?

ಉತ್ತರ: ವಿಚಿತ್ರವೇನೂ ಇಲ್ಲ, ಬೆಲೆ ಸತ್ಯವನ್ನೇ ಹೇಳುತ್ತಿದೆ. ಆ ಐ7ರ ಪೂರ್ಣ ಸಂಖ್ಯೆ ಕೇಳಿದ್ದರೆ ಬಹುಶಃ 2600 ಅಥವಾ 3770 ಎಂದು ಬರುತ್ತಿತ್ತು. ಅವು 2011 ಮತ್ತು 2012ರಲ್ಲಿ ಬಂದವು. ವಿಂಡೋಸ್ 11 ಇಂಟೆಲ್ ಪ್ರೊಸೆಸರುಗಳಲ್ಲಿ ಎಂಟನೆಯ ತಲೆಮಾರಿನಿಂದ ಮೇಲಕ್ಕೆ, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಮೇಲಕ್ಕೆ ಮಾತ್ರ ಅಧಿಕೃತವಾಗಿ ನಡೆಯುತ್ತದೆ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಿನ ವ್ಯವಸ್ಥೆ ಇರಬೇಕು. ಆ ಗೆರೆಯ ಕೆಳಗಿನ ಯಂತ್ರಗಳನ್ನೆಲ್ಲ ಮಾರುಕಟ್ಟೆ ಈಗ ತೊಳೆದು ಹೊರಹಾಕುತ್ತಿದೆ, ‘ಐ7’ ಎಂಬ ಚೀಟಿ ಅಂಟಿಸಿಕೊಂಡು ಅವು ಅಂಗಡಿಗಳ ಮುಂದೆ ಸಾಲಾಗಿ ನಿಂತಿವೆ. ನಿಮಗೆ ತೋರಿಸಿದ ಎಂಟನೆಯ ತಲೆಮಾರಿನ ಐ5, ಅಂದರೆ ಐ5-8500 ಇರಬೇಕು, ಆರು ಕೋರ್‌ಗಳದ್ದು, 2018ರದ್ದು. ಅದನ್ನೇ ಆರಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಎಂದರೆ ಮೂಗು ಮುರಿಯುವವರಲ್ಲಿ ನಾನಿಲ್ಲ. ಬೆಂಗಳೂರಿನಲ್ಲಿ ಈ ವ್ಯಾಪಾರ ಇಷ್ಟು ಬೆಳೆದಿರುವುದಕ್ಕೆ ಕಾರಣವಿದೆ: ಇಲ್ಲಿನ ಸಾಫ್ಟ್‌ವೇರ್ ಕಂಪನಿಗಳು ಗುತ್ತಿಗೆಗೆ ಪಡೆದ ಯಂತ್ರಗಳನ್ನು ಕೆಲವೇ ವರ್ಷಗಳಲ್ಲಿ ಒಟ್ಟಾಗಿ ಬಿಟ್ಟುಕೊಡುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಮುಂತಾದ ಈ ಕಚೇರಿ ಮಾದರಿಗಳು ತಂಪು ಕೋಣೆಯಲ್ಲಿ, ನಿಯಮಿತ ವಿದ್ಯುತ್ತಿನಲ್ಲಿ ಕೆಲಸ ಮಾಡಿ ಬಂದಿರುತ್ತವೆ. ಬಿಸಿಲು ಬೀಳುವ ಅಂಗಡಿಯಲ್ಲಿ ಮೂರು ವರ್ಷ ಕಳೆದ ಹೊಸ ಯಂತ್ರಕ್ಕಿಂತ ಅವುಗಳ ಆರೋಗ್ಯ ಚೆನ್ನಾಗಿರುವುದೂ ಉಂಟು. ಇವುಗಳ ದೋಷವೊಂದಿದೆ, ಅದನ್ನು ಮುಚ್ಚಿಡುವುದಿಲ್ಲ: ಸಣ್ಣ ಗಾತ್ರದ ಮಾದರಿಗಳಲ್ಲಿ ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡ್ ಆಯಾ ಕಂಪನಿಯ ಅಳತೆಯವು, ಪಕ್ಕದ ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ಅದರೊಳಗೆ ಕೂರುವುದಿಲ್ಲ. ಆದ್ದರಿಂದ ನನ್ನ ಸಲಹೆ ತುಸು ಬೇರೆ. ಮೂರು ಬೇಕಾದ ಕಡೆ ನಾಲ್ಕು ಕೊಳ್ಳಿ, ನಾಲ್ಕೂ ಒಂದೇ ಕಂಪನಿಯ ಒಂದೇ ಮಾದರಿಯಾಗಿರಲಿ. ನಾಲ್ಕನೆಯದು ಕಪಾಟಿನಲ್ಲಿರಲಿ. ಒಂದು ಕೆಟ್ಟರೆ ಅದರ ಡಿಸ್ಕನ್ನು ಬಿಚ್ಚಿ ಕಪಾಟಿನದಕ್ಕೆ ಹಾಕಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಂದುವರಿಯುತ್ತದೆ. ಯಾವ ವಾರಂಟಿಯೂ ಅಷ್ಟು ಬೇಗ ಬರುವುದಿಲ್ಲ.

ಅಂಗಡಿಯಲ್ಲಿ ನಿಂತು ನೋಡಬೇಕಾದದ್ದಿಷ್ಟು. ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’, ಅದರೊಳಗೆ ‘ಅಬೌಟ್’ ತೆರೆದರೆ ಪ್ರೊಸೆಸರಿನ ಪೂರ್ಣ ಸಂಖ್ಯೆ ಕಾಣುತ್ತದೆ. ಕ್ಯಾಬಿನೆಟ್ಟಿನ ಮೇಲಿನ ಸರಣಿ ಸಂಖ್ಯೆಯೂ ವಿಂಡೋಸ್‌ಗೂ ಮೊದಲು ತೆರೆಯುವ ಬಯಾಸ್ ಪರದೆಯಲ್ಲಿ ತೋರುವ ಸಂಖ್ಯೆಯೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಒಂದರ ಹೊಟ್ಟೆಯಲ್ಲಿ ಇನ್ನೊಂದರ ಕರುಳಿದೆ ಎಂದರ್ಥ. ಬಯಾಸ್‌ಗೆ ಗುಪ್ತಪದ ಹಾಕಿದ್ದರೆ ಅದನ್ನು ತೆಗೆಸಿಕೊಡದೆ ಕೊಳ್ಳಬೇಡಿ. ಮುಚ್ಚಳ ತೆಗೆಸಿ ನೋಡಿ: ಮದರ್‌ಬೋರ್ಡಿನ ಸಿಲಿಂಡರ್ ಆಕಾರದ ಕೆಪಾಸಿಟರುಗಳ ನೆತ್ತಿ ಚಪ್ಪಟೆಯಾಗಿರಬೇಕು, ಉಬ್ಬಿದ್ದರೆ ಬೇಡ. ಯುಎಸ್‌ಬಿ ಕಿಂಡಿಗಳಿಗೆಲ್ಲ ಒಂದು ಪೆನ್‌ಡ್ರೈವ್ ಚುಚ್ಚಿ ನೋಡಿ. ಹಿಂದಿನ ಎಸ್‌ಎಸ್‌ಡಿ ಎಷ್ಟು ಚೆನ್ನಾಗಿದೆಯೆಂದು ಹೇಳಿದರೂ ಹೊಸದನ್ನೇ ಹಾಕಿಸಿ, ಅದರ ಬಿಲ್ಲು ಪ್ರತ್ಯೇಕವಾಗಿ ಪಡೆಯಿರಿ.

ಒಂದು ಸಣ್ಣ ಖರ್ಚನ್ನು ಮರೆಯಬೇಡಿ. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ ಇರುತ್ತದೆ. ಅದು ಬತ್ತಿದ್ದರೆ ರಾತ್ರಿ ವಿದ್ಯುತ್ ಹೋಗಿ ಬೆಳಿಗ್ಗೆ ಆರಂಭಿಸಿದಾಗ ಯಂತ್ರದ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಜಿಎಸ್‌ಟಿ ಜಾಲತಾಣ ‘ಸುರಕ್ಷಿತವಲ್ಲ’ ಎಂದು ಬಾಗಿಲು ಹಾಕುತ್ತದೆ, ಡಿಜಿಟಲ್ ಸಹಿ ನಡೆಯುವುದಿಲ್ಲ, ಹುಡುಗಿಯರು ಇಂಟರ್ನೆಟ್ ಕೆಟ್ಟಿದೆಯೆಂದು ಫೋನ್ ಮಾಡುತ್ತಾರೆ. ನಾಲ್ಕಕ್ಕೂ ಹೊಸ ಬ್ಯಾಟರಿ ಹಾಕಿಸಿಯೇ ಮನೆಗೆ ತನ್ನಿ.

ಮೂರೂ ಯಂತ್ರಗಳಲ್ಲಿ ಒಂದೇ ಟ್ಯಾಲಿ ದತ್ತಾಂಶವನ್ನು ಏಕಕಾಲಕ್ಕೆ ಬಳಸುವುದಾದರೆ ಸಿಲ್ವರ್ ಪರವಾನಗಿ ಒಬ್ಬರಿಗೆ ಮಾತ್ರ, ಗೋಲ್ಡ್ ಬೇಕಾಗುತ್ತದೆ. ಇದರ ಖರ್ಚನ್ನು ಯಂತ್ರದ ಬೆಲೆಯ ಜೊತೆಯಲ್ಲೇ ಲೆಕ್ಕ ಹಾಕಿ.

ಪ್ರಶ್ನೆ: ಬಸವನಗುಡಿಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. 2016ರಲ್ಲಿ ಕೊಂಡ ಐ5 ಆರನೆಯ ತಲೆಮಾರಿನ ಕಂಪ್ಯೂಟರ್ ಇದೆ. ಹೇಗೋ ಮಾಡಿ ವಿಂಡೋಸ್ 11 ಹಾಕಿಕೊಡುತ್ತೇನೆಂದು ಪರಿಚಯದ ಹುಡುಗ ಹೇಳುತ್ತಾನೆ. ಹಾಕಿಸಬಹುದೇ?

ಉತ್ತರ: ಹಾಕಲು ಬರುತ್ತದೆ, ನಿಜ, ತಪಾಸಣೆಯನ್ನು ತಪ್ಪಿಸಿ ಒಳಗೆ ನುಗ್ಗಿಸುವ ದಾರಿಗಳಿವೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ಪರಿಷ್ಕರಣೆಗಳು ಸಿಗುತ್ತವೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಹಣದ ವ್ಯವಹಾರವಿರುವ ಯಂತ್ರಕ್ಕೆ ಇದು ಬೇಡ. ನಿಮ್ಮ ಕೆಲಸವೆಲ್ಲ ಅಂತರಜಾಲ, ಅಳತೆಯ ಪಟ್ಟಿ, ಗಿರಾಕಿಗಳ ವಿಳಾಸ ಇಷ್ಟೇ ಆಗಿದ್ದರೆ ಅದೇ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ಮತ್ತು ಕಚೇರಿ ಕೆಲಸದ ತಂತ್ರಾಂಶ ಲಿಬ್ರೆಆಫೀಸ್ ಹಾಕಿಸಿಕೊಂಡರೆ ಇನ್ನೂ ಕೆಲವು ವರ್ಷ ನಿಶ್ಚಿಂತೆಯಿಂದ ನಡೆಯುತ್ತದೆ. ಟ್ಯಾಲಿ ಬಳಸುವವರಿಗೆ ಮಾತ್ರ ಈ ದಾರಿ ಇಲ್ಲ; ಅದು ವಿಂಡೋಸ್‌ಗಾಗಿಯೇ ಬರೆದದ್ದು.

ಪ್ರಶ್ನೆ: ಚಾಮರಾಜಪೇಟೆಯಲ್ಲಿ ನಮ್ಮದು ಆಹ್ವಾನ ಪತ್ರಿಕೆಗಳ ಮುದ್ರಣಾಲಯ. ಕೋರೆಲ್‌ಡ್ರಾ, ಫೋಟೋಶಾಪ್ ಬಳಸುತ್ತೇವೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ವಿನ್ಯಾಸದ ಕೆಲಸವೇ ಆಗುವುದಿಲ್ಲವೆಂದು ಅಂಗಡಿಯವರು ಹೇಳುತ್ತಾರೆ.

ಉತ್ತರ: ಲಗ್ನಪತ್ರಿಕೆಗೆ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಚಲಿಸುವ ಚಿತ್ರ ಸಂಕಲಿಸುವವರಿಗೂ ಮೂರು ಆಯಾಮದ ವಿನ್ಯಾಸ ಮಾಡುವವರಿಗೂ ಅದು ಬೇಕು. ನಿಮಗೆ ಬೇಕಾದದ್ದು ಎರಡು: ಮೊದಲನೆಯದು ರ‍್ಯಾಮ್, 16 ಜಿಬಿಗೆ ಕಡಿಮೆ ಬೇಡ, ಬೆಲೆ ಏರಿದ್ದರೂ ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಎರಡನೆಯದು ಪರದೆ. ಬದಿಯಿಂದ ನೋಡಿದರೆ ಕುಂಕುಮ ಬಣ್ಣ ಕಿತ್ತಳೆಯಾಗಿ ಕಾಣುವ ಅಗ್ಗದ ಟಿಎನ್ ಪರದೆಯ ಮುಂದೆ ಗಿರಾಕಿಯನ್ನು ಕೂರಿಸಿ ಬಣ್ಣ ಒಪ್ಪಿಸಿದರೆ ಮುದ್ರಣವಾದ ಮೇಲೆ ಜಗಳ ಖಂಡಿತ. ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ 24 ಅಂಗುಲದ ಐಪಿಎಸ್ ಪರದೆ ಕೊಳ್ಳಿ.

ಹೊಸ ಯಂತ್ರಕ್ಕೆ ಬದಲಾಗುವಾಗ ನಿಮ್ಮ ನಿಜವಾದ ತೊಂದರೆ ಬರುವುದು ಅಕ್ಷರಗಳಿಂದ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತಗಳನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಚಿ.ಸೌ.’ ಇರಬೇಕಾದ ಕಡೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಹಳೆಯ ಯಂತ್ರದ ಫಾಂಟ್ ಕಡತಕೋಶವನ್ನು ಪೂರ್ತಿಯಾಗಿ ನಕಲು ಮಾಡಿಕೊಂಡು, ಇಪ್ಪತ್ತು ಹಳೆಯ ಪತ್ರಿಕೆಗಳನ್ನು ಹೊಸದರಲ್ಲಿ ತೆರೆದು ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡುವವರೆಗೆ ಹಳೆಯ ಯಂತ್ರವನ್ನು ಅಲುಗಿಸಬೇಡಿ.

ಪ್ರಶ್ನೆ: ಪೀಣ್ಯದಲ್ಲಿ ಲೇತ್ ಕೆಲಸದ ಸಣ್ಣ ಕಾರ್ಖಾನೆ. 600 ವಿಎ ಯುಪಿಎಸ್ ಇದೆ, ಆದರೂ ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿದಾಗಲೆಲ್ಲ ಕಂಪ್ಯೂಟರ್ ಆರಿಹೋಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ದೊಡ್ಡ ಯುಪಿಎಸ್ ಕೊಳ್ಳಬೇಕೇ?

ಉತ್ತರ: ಬೇಡ, ಪ್ರಿಂಟರಿನ ಪ್ಲಗ್ಗನ್ನು ಯುಪಿಎಸ್‌ನಿಂದ ಕಿತ್ತು ಗೋಡೆಗೆ ಹಾಕಿ. ಲೇಸರ್ ಪ್ರಿಂಟರ್ ಪುಡಿಶಾಯಿಯನ್ನು ಕಾಗದಕ್ಕೆ ಅಂಟಿಸಲು ಒಂದು ಉರುಳೆಯನ್ನು ಕಾಯಿಸುತ್ತದೆ, ಆ ಕ್ಷಣದಲ್ಲಿ ಹಲವು ನೂರು ವಾಟ್ ಎಳೆಯುತ್ತದೆ. 600 ವಿಎ ಎಂದರೆ 600 ವಾಟ್ ಅಲ್ಲ. ಇಂಥ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 360 ವಾಟ್. ನಿಮ್ಮ ಕಂಪ್ಯೂಟರ್ ಮತ್ತು ಪರದೆ ಸೇರಿ ನೂರು ವಾಟಿನ ಆಸುಪಾಸು ಬಳಸುತ್ತವೆ, ಆದ್ದರಿಂದ ಪ್ರಿಂಟರ್ ತೆಗೆದರೆ ಈಗಿರುವುದೇ ಸಾಕು. ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಯುಪಿಎಸ್ ಇರುವುದು ಕಡತ ಉಳಿಸಿ ಯಂತ್ರ ಮುಚ್ಚಲು, ವಿದ್ಯುತ್ ಬರುವವರೆಗೆ ಕೆಲಸ ಮಾಡಲು ಅಲ್ಲ ಎಂಬುದನ್ನು ಕೆಲಸದವರಿಗೂ ತಿಳಿಸಿ.

ಜುಮ್ ಎನ್ನುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎಸ್‌ಎಂಪಿಎಸ್‌ನೊಳಗಿನ ಶೋಧಕ ಕೆಪಾಸಿಟರುಗಳಿಂದ ಸೋರುವ ಅಲ್ಪ ವಿದ್ಯುತ್ತು ಭೂಮಿಗೆ ಇಳಿಯಬೇಕು. ಅರ್ಥಿಂಗ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಮೇಲೆಯೇ ನಿಲ್ಲುತ್ತದೆ. ಮೊದಲು ಪ್ಲಗ್ಗನ್ನು ನೋಡಿ, ಮೇಲಿನ ದಪ್ಪ ಕಡ್ಡಿ ಮುರಿದಿರಬಹುದು, ಅಥವಾ ಎರಡೇ ಕಡ್ಡಿಯ ಎಕ್ಸ್‌ಟೆನ್ಷನ್ ಬಳಸಿರಬಹುದು. ಅದು ಸರಿಯಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ಅಳೆಸಿ. ಲೇತ್ ಪಕ್ಕದಲ್ಲಿ ಯಂತ್ರವಿಟ್ಟಿದ್ದರೆ ಬೇರೆ ಕೋಣೆಗೆ ಸಾಗಿಸಿ. ಹಾರುವ ಲೋಹದ ಪುಡಿ ವಿದ್ಯುತ್ತನ್ನು ಹರಿಸುತ್ತದೆ, ಮದರ್‌ಬೋರ್ಡಿನ ಮೇಲೆ ಕೂತರೆ ಯಾವ ವಾರಂಟಿಯೂ ಒಪ್ಪುವುದಿಲ್ಲ.

ಪ್ರಶ್ನೆ: ಯಶವಂತಪುರದಲ್ಲಿ ಬೇಳೆಕಾಳಿನ ಸಗಟು ವ್ಯಾಪಾರ. ದಿನವೂ ಪೆನ್‌ಡ್ರೈವ್‌ಗೆ ಬ್ಯಾಕಪ್ ಮಾಡುತ್ತೇವೆ. ಅದು ಯಾವಾಗಲೂ ಕಂಪ್ಯೂಟರಿನಲ್ಲೇ ಇರುತ್ತದೆ. ಸಾಲದೇ?

ಉತ್ತರ: ಸಾಲದು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ ನುಗ್ಗಿದರೆ ಚುಚ್ಚಿಟ್ಟ ಪೆನ್‌ಡ್ರೈವ್‌ಗೂ ಬೀಗ ಬೀಳುತ್ತದೆ. ಕಳ್ಳರು ಬಂದರೆ ಎರಡನ್ನೂ ಒಟ್ಟಿಗೆ ಒಯ್ಯುತ್ತಾರೆ. ಎರಡು ಹೊರ ಡಿಸ್ಕುಗಳನ್ನು ಇಟ್ಟುಕೊಂಡು ವಾರಕ್ಕೊಂದರಂತೆ ಬದಲಾಯಿಸಿ, ಬಳಕೆಯಲ್ಲಿಲ್ಲದ್ದು ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ಮರಳಿ ತೆರೆದು, ಹಿಂದಿನ ದಿನದ ಕೊನೆಯ ಬಿಲ್ಲು ಅದರಲ್ಲಿದೆಯೇ ಎಂದು ನೋಡಿ.

ಪ್ರಶ್ನೆ: ಆಯುಧಪೂಜೆಯ ದಿನ ಸಿಪಿಯುಗೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದರೆ ಯಂತ್ರಕ್ಕೆ ತೊಂದರೆಯೇ? (ಚಿಕ್ಕಪೇಟೆಯ ಸೀರೆ ವ್ಯಾಪಾರಿಯೊಬ್ಬರು)

ಉತ್ತರ: ಧಾರಾಳವಾಗಿ ಹಚ್ಚಿ, ಆದರೆ ರಂಧ್ರವಿಲ್ಲದ ಬದಿಯ ತಗಡಿಗೆ. ಮುಂಭಾಗದ ಜಾಲರಿಗೆ ಹಚ್ಚಿದರೆ ಫ್ಯಾನು ಆ ಪುಡಿಯನ್ನು ಒಳಗೆಳೆದುಕೊಳ್ಳುತ್ತದೆ. ಪೂಜೆಗೆ ಮೊದಲು ಸ್ವಿಚ್ ಆರಿಸಿ, ಫ್ಯಾನಿನ ಧೂಳು ತೆಗೆಸಿ. ತೆಂಗಿನಕಾಯಿಯನ್ನು ಹೊಸ್ತಿಲ ಬಳಿ ಒಡೆಯಿರಿ.